ನೌಕರಿ ಬಿಟ್ಟು ಚಟ್ನಿಪುಡಿ ಮಾರಲು ಹೊರಡುವವರಿಗೆ

ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆ. ಇಲ್ಲಿನ ಮನೆಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳ ಡಬ್ಬಿ ಖಾಲಿಯಾಗುವ ಮೊದಲೇ ಮತ್ತೆ ಕುಟ್ಟಿ ತುಂಬಿಸಿಡುವುದು ರೂಢಿ. ಬಂದ ನೆಂಟರು ಉಂಡು, ಹೊರಡುವಾಗ ಒಂದು ಪೊಟ್ಟಣ ಕಟ್ಟಿಸಿಕೊಂಡು, 'ಇದನ್ನ ಮಾರಾಕ ಇಡ್ರಿ, ಕೈತುಂಬ ರೊಕ್ಕ ಬರ್ತದ' ಎಂದು ಹೇಳಿಹೋಗುವುದೂ ರೂಢಿಯೇ. ಈ ಒಂದು ಮಾತನ್ನು ನಂಬಿ ತಿಂಗಳ ಸಂಬಳದ ಕೆಲಸ ಬಿಟ್ಟ ಹಲವರನ್ನು ನಾನು ಬಲ್ಲೆ, ಮತ್ತು ಅವರಲ್ಲಿ ನಾನೂ ಒಬ್ಬ. ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಲೆಕ್ಕಪತ್ರ ಬರೆದ ಮೇಲೆ, ಅವ್ವ ಮತ್ತು ಹೆಂಡತಿಯೊಡನೆ ಸೇರಿ ಈ ವ್ಯಾಪಾರಕ್ಕೆ ಇಳಿದೆ. ದಿನವಿಡೀ ಬೇರೆಯವರ ಲೆಕ್ಕವನ್ನು ಪೈಸೆ ಬಿಡದೆ ಬರೆಯುತ್ತಿದ್ದ ನಾನು, ನನ್ನ ಸ್ವಂತ ಮಾಲನ್ನು ಮೊದಲ ಹದಿನಾಲ್ಕು ತಿಂಗಳು ನಷ್ಟದಲ್ಲಿ ಮಾರಿದೆ ಎಂಬುದನ್ನೂ, ಮಾರುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ ಎಂಬುದನ್ನೂ ಮೊದಲಿಗೇ ಒಪ್ಪಿಕೊಳ್ಳುವುದು ಒಳ್ಳೆಯದು. ಆದ್ದರಿಂದ ಈ ಬರಹದಲ್ಲಿ ರುಚಿಯ ವಿಷಯ ಕಡಿಮೆ, ಕಿರ್ದಿ ಪುಸ್ತಕದ, ಅಂದರೆ ದಿನದ ಜಮಾ-ಖರ್ಚು ಬರೆಯುವ ಪುಸ್ತಕದ ವಿಷಯ ಹೆಚ್ಚು.

ಬೆಲೆ ಕಟ್ಟುವ ಬಗೆ

ಮನೆಯಲ್ಲಿ ಮಾಡಿ ಮಾರುವವರು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕುತ್ತಾರೆ: ಶೇಂಗಾಕ್ಕೆ ಇಷ್ಟು, ಖಾರದ ಪುಡಿಗೆ ಇಷ್ಟು, ಬೆಳ್ಳುಳ್ಳಿಗೆ ಇಷ್ಟು, ಅದರ ಮೇಲೆ ಒಂದಿಷ್ಟು ಲಾಭ. ಈ ಲೆಕ್ಕದಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿ ಹಾಕಿದ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ನೀವು ಪೆನ್ಸಿಲ್ ಹಿಡಿದು ನಿಮ್ಮ ಊರಿನ ಈ ವಾರದ ದರಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಬೇಕು.

10 ಕಿಲೋ ಶೇಂಗಾ ಕಾಳಿಗೆ ಕಿಲೋಗೆ 140ರಂತೆ 1,400 ರೂಪಾಯಿ ಆಗುತ್ತದೆ. ಹುರಿದು, ಸಿಪ್ಪೆ ಬಿಡಿಸಿ, ಕಪ್ಪಾದ ಮತ್ತು ಮುರುಟಿದ ಕಾಳು ಆರಿಸಿ ತೆಗೆದ ಮೇಲೆ ಅದು 10 ಕಿಲೋ ಉಳಿಯುವುದಿಲ್ಲ, 9 ಕಿಲೋ ಉಳಿದರೆ ಪುಣ್ಯ. ಖಾರದ ಪುಡಿಗೆ 350, ಬೆಳ್ಳುಳ್ಳಿಗೆ 100, ಉಪ್ಪು, ಜೀರಿಗೆ, ಹುಣಸೆ, ಬೆಲ್ಲ ಮತ್ತು ಒಂದಿಷ್ಟು ಎಣ್ಣೆಗೆ 100 ರೂಪಾಯಿ ಸೇರಿಸಿದರೆ ಸಾಮಗ್ರಿಯ ಒಟ್ಟು ಖರ್ಚು 1,950. ಇಷ್ಟರಿಂದ ಸುಮಾರು 10 ಕಿಲೋ ಹಿಂಡಿ, ಅಂದರೆ ಕಾಲು ಕಿಲೋದ 40 ಪೊಟ್ಟಣ ದೊರೆಯುತ್ತವೆ. ಒಂದು ಪೊಟ್ಟಣಕ್ಕೆ 49 ರೂಪಾಯಿ ಬಿತ್ತು, 70ಕ್ಕೆ ಮಾರಿದರೆ 21 ರೂಪಾಯಿ ಲಾಭ ಎಂದು ನಾನು ಸಂತೋಷಪಟ್ಟಿದ್ದು ಈ ಹಂತದಲ್ಲೇ.

ಈಗ ಬಿಟ್ಟುಹೋದದ್ದನ್ನು ಸೇರಿಸೋಣ. ಗ್ಯಾಸಿಗೆ 90, ಕರೆಂಟಿಗೆ 80, ಪೊಟ್ಟಣ ಮತ್ತು ಲೇಬಲ್ಲಿಗೆ ತಲಾ 5ರಂತೆ 200. ಇಬ್ಬರು ಐದೈದು ತಾಸು ದುಡಿದರೆ ಹತ್ತು ತಾಸು. ತಾಸಿಗೆ 75ರಂತೆ 750. ಪುಡಿ ಮಾಡುವ ಯಂತ್ರ, ತೂಕದ ಯಂತ್ರ, ಸೀಲು ಹಾಕುವ ಯಂತ್ರ ಸೇರಿ 36,000 ರೂಪಾಯಿ ಆಗಿದ್ದು, ಅವು ಐದು ವರ್ಷ ಬಾಳಿದರೆ ತಿಂಗಳಿಗೆ 600. ತಿಂಗಳಿಗೆ ನಾಲ್ಕು ಬ್ಯಾಚ್ ಮಾಡುವವರಿಗೆ ಒಂದೊಂದು ಬ್ಯಾಚಿಗೆ 150. ಹರಿದ ಪೊಟ್ಟಣ, ರುಚಿ ನೋಡಲು ಕೊಟ್ಟದ್ದು, ಅಂಗಡಿಯಿಂದ ಮರಳಿ ಬಂದದ್ದು, ಇವುಗಳಿಗೆ 130. ಅಂಗಡಿಗಳಿಗೆ ಮುಟ್ಟಿಸುವ ಪೆಟ್ರೋಲಿಗೆ 120. ಒಟ್ಟು 3,470 ರೂಪಾಯಿ, ಪೊಟ್ಟಣಕ್ಕೆ ಸುಮಾರು 87.

ನಾನು 70ಕ್ಕೆ ಮಾರುತ್ತಿದ್ದೆ. ಕಿರಾಣಿ ಅಂಗಡಿಯವರು ಅದರಲ್ಲಿ ಶೇಕಡಾ 20 ಹಿಡಿದುಕೊಂಡರೆ ನನ್ನ ಕೈಗೆ ಬರುತ್ತಿದ್ದುದು 56. ಪ್ರತಿ ಪೊಟ್ಟಣಕ್ಕೂ 31 ರೂಪಾಯಿ ನಾನೇ ಕೊಟ್ಟು ತಿನ್ನಿಸುತ್ತಿದ್ದೆ. ಗಿರಾಕಿಯ ಮನೆ ಬಾಗಿಲಿಗೇ ಒಯ್ದು ಪೂರ್ತಿ 70ಕ್ಕೆ ಮಾರಿದರೂ ಪರಿಸ್ಥಿತಿ ಅಷ್ಟೇನೂ ಸುಧಾರಿಸುವುದಿಲ್ಲ: ಒಂದು ಬ್ಯಾಚಿನಿಂದ 2,800 ಬರುತ್ತದೆ, ಸಾಮಗ್ರಿ, ಗ್ಯಾಸು, ಕರೆಂಟು, ಪೊಟ್ಟಣ, ಪೆಟ್ರೋಲು ಸೇರಿದ ನಗದು ಖರ್ಚು 2,440 ಕಳೆದರೆ 360 ರೂಪಾಯಿ ಕೈಯಲ್ಲಿ ಉಳಿದಂತೆ ಕಾಣುತ್ತದೆ. ಅದನ್ನು ಹತ್ತು ತಾಸಿನ ದುಡಿಮೆಗೆ ಹಂಚಿದರೆ ತಾಸಿಗೆ 36 ರೂಪಾಯಿ. ಯಂತ್ರದ ಸವೆತ, ಹಾಳಾದ ಮಾಲು ಇನ್ನೂ ಅದರೊಳಗಿಂದಲೇ ಹೋಗಬೇಕು. ಈ ನಷ್ಟ ಜೇಬಿನಿಂದ ಹೋಗುವುದಿಲ್ಲ, ಅವ್ವನ ಮತ್ತು ಹೆಂಡತಿಯ ಮೈಯಿಂದ ಹೋಗುತ್ತದೆ. ಹಾಗಾಗಿಯೇ ಅದು ಕಿರ್ದಿಯಲ್ಲಿ ಕಾಣಿಸುವುದಿಲ್ಲ.

ಮನೆಯವರ ದುಡಿಮೆಗೆ ಬೆಲೆ ಹಾಕುವುದು ಅನೇಕರಿಗೆ ಮುಜುಗರದ ಸಂಗತಿ. 'ಮನ್ಯಾಗಿನವರಿಗೆ ಪಗಾರ ಯಾಕ' ಎಂದು ಅವ್ವನೇ ನನ್ನನ್ನು ಕೇಳಿದ್ದುಂಟು. ಆದರೆ 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಆರಂಭಿಸಿದ ಲಿಜ್ಜತ್ ಹಪ್ಪಳದ ಉದ್ಯಮವನ್ನು ಗಮನಿಸಿ. ಅಲ್ಲಿ ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತರುವ ಪ್ರತಿ ಸದಸ್ಯೆಗೂ ಲಟ್ಟಿಸಿದ ತೂಕಕ್ಕೆ ತಕ್ಕ ಕೂಲಿ ಸಲ್ಲುತ್ತದೆ. ಲಾಭದ ಪಾಲು ಅದರಾಚೆಗಿನ ಮಾತು. ಕೂಲಿಯನ್ನು ಬೆಲೆಯೊಳಗೆ ಸೇರಿಸದಿದ್ದರೆ ನಾಳೆ ವ್ಯಾಪಾರ ಹೆಚ್ಚಿದಾಗ ಹೊರಗಿನ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಆಗುವುದೇ ಇಲ್ಲ, ಏಕೆಂದರೆ ಅವರಿಗೆ ಕೊಡಬೇಕಾದ ಹಣ ನಿಮ್ಮ ಬೆಲೆಯಲ್ಲಿ ಎಲ್ಲಿಯೂ ಇರುವುದಿಲ್ಲ.

ಪೊಟ್ಟಣದ ಬೆಲೆ 110 ಆದರೆ ಅಂಗಡಿಯ ಪಾಲು ಕಳೆದು 88 ಬರುತ್ತದೆ, ಉಳಿಯುವುದು ಒಂದೇ ರೂಪಾಯಿ. 120 ಆದರೆ 96 ಬಂದು 9 ರೂಪಾಯಿ ಮತ್ತು ಚಿಲ್ಲರೆ ಉಳಿಯುತ್ತದೆ. 'ಇಷ್ಟು ತುಟ್ಟಿಯಾದರೆ ಯಾರು ಕೊಳ್ಳುತ್ತಾರೆ' ಎಂಬ ಭಯ ಸಹಜ. ಈ ಭಯ ನಿಜವೇ ಸುಳ್ಳೇ ಎಂದು ತಿಳಿಯಲು ಒಂದೇ ದಾರಿಯಿದೆ: ಆ ಬೆಲೆಗೆ ಇಟ್ಟು ನೋಡುವುದು. ಆ ಬೆಲೆಗೆ ಕೊಳ್ಳುವವರು ಸಿಗದಿದ್ದರೆ, ನೌಕರಿಯಲ್ಲಿ ಇರುವಾಗಲೇ ಅದು ಗೊತ್ತಾಗುವುದು ಮೇಲು.

ಮೆಣಸಿನಕಾಯಿಯ ದರದ ಬಗ್ಗೆ ಒಂದು ಮಾತು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ, 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಮೆಣಸಿನಕಾಯಿಯ ಬಣ್ಣವಿಲ್ಲದೆ ನಮ್ಮ ಕಡೆಯ ಹಿಂಡಿಯೇ ಇಲ್ಲ. ಅದರ ದರ ಎಷ್ಟು ಚಂಚಲ ಎಂದರೆ, 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಲೇ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದರು. ದರ ಇಳಿದ ವರ್ಷ ಬೆಲೆ ಇಳಿಸಿ, ಏರಿದ ವರ್ಷ ಏರಿಸುತ್ತ ಹೋದರೆ ಗಿರಾಕಿ ಬೇಸರಪಡುತ್ತಾನೆ. ಹೊಸ ಫಸಲು ಬರುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ವರ್ಷಕ್ಕೆ ಬೇಕಾದಷ್ಟನ್ನು ತೊಟ್ಟು ಸಹಿತ ಕೊಂಡು, ಬಿಸಿಲಿಗೆ ಒಣಗಿಸಿ ಇಟ್ಟು, ಮೂರು ವರ್ಷಗಳ ಸರಾಸರಿ ದರವನ್ನು ಬೆಲೆಯೊಳಗೆ ಹಾಕಿಕೊಳ್ಳುವುದು ನಾನು ಕಂಡುಕೊಂಡ ಕ್ರಮ.

ರಾಜೀನಾಮೆ ಕೊಡುವ ಮೊದಲು

ಮೇಲಿನ ಲೆಕ್ಕದಂತೆ 120 ರೂಪಾಯಿಯ ಪೊಟ್ಟಣದಲ್ಲಿ ಒಂದು ಬ್ಯಾಚಿನಿಂದ ನಿಮ್ಮ ಮನೆಗೆ ಬರುವುದು ಕೂಲಿಯ 750 ಮತ್ತು ಲಾಭದ 370, ಒಟ್ಟು 1,120 ರೂಪಾಯಿ. ನಿಮ್ಮ ಈಗಿನ ಸಂಬಳ 25,000 ಎಂದಾದರೆ ಅದನ್ನು ಸರಿದೂಗಿಸಲು ತಿಂಗಳಿಗೆ ಇಪ್ಪತ್ತೆರಡು-ಇಪ್ಪತ್ಮೂರು ಬ್ಯಾಚ್ ಮಾಡಬೇಕು. ಅಂದರೆ ಒಂಬೈನೂರರಷ್ಟು ಪೊಟ್ಟಣ ಮಾರಬೇಕು. ನೇರವಾಗಿ ಗಿರಾಕಿಗೆ ಮಾರಿದ ಪ್ರತಿ ಪೊಟ್ಟಣಕ್ಕೆ ಅಂಗಡಿಯ ಪಾಲಾದ 24 ರೂಪಾಯಿ ಉಳಿಯುವುದರಿಂದ ಈ ಸಂಖ್ಯೆ ತಗ್ಗಬಹುದು, ಆದರೆ ನೇರ ಮಾರಾಟಕ್ಕೆ ಬೇಕಾಗುವ ಸಮಯವೂ ಪುಕ್ಕಟೆಯಲ್ಲ. ತಿಂಗಳಿಗೆ ಒಂಬೈನೂರು ಪೊಟ್ಟಣ ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ನೆಂಟರ ಹೆಸರುಗಳನ್ನು ಬಿಟ್ಟು ಉತ್ತರ ಬರೆಯಿರಿ. ನೆಂಟರು ಎರಡು ಬಾರಿ ಕೊಳ್ಳುತ್ತಾರೆ, ಮೂರನೆಯ ಬಾರಿ ಪುಕ್ಕಟೆ ಕೇಳುತ್ತಾರೆ.

ಶನಿವಾರ, ರವಿವಾರ ಮಾತ್ರ ಮಾಡಿ ಮಾರುವ ಒಂದು ವರ್ಷವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಆರು ತಿಂಗಳು ಸಾಲದು, ಏಕೆಂದರೆ ನಮ್ಮ ವ್ಯಾಪಾರಕ್ಕೆ ಋತುಗಳಿವೆ. ನಾಗರ ಪಂಚಮಿಯ ಹೊತ್ತಿಗೆ ಉಂಡಿಗಳಿಗೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ, ಕಾಲೇಜು ಆರಂಭವಾಗುವ ತಿಂಗಳಲ್ಲಿ ಹಾಸ್ಟೆಲ್ಲಿಗೆ ಹೊರಟ ಮಕ್ಕಳ ಗಂಟಿನಲ್ಲಿ ಕಟ್ಟಿಕೊಡುವ ಹಿಂಡಿಗೆ ಬೇಡಿಕೆ ಏರುತ್ತದೆ. ಮದುವೆಯ ತಿಂಗಳುಗಳಲ್ಲಿ ಎಲ್ಲರೂ ಬೇರೆಯವರ ಮನೆಯಲ್ಲಿ ಉಣ್ಣುವುದರಿಂದ ಇಳಿಯುತ್ತದೆ. ಏರಿದ ತಿಂಗಳ ಲೆಕ್ಕ ನೋಡಿ ರಾಜೀನಾಮೆ ಬರೆದವರು ಇಳಿದ ತಿಂಗಳಲ್ಲಿ ಪಶ್ಚಾತ್ತಾಪಪಡುತ್ತಾರೆ.

ನೌಕರಿಯಿಂದ ಹೊರಬರುವ ದಿನಾಂಕವನ್ನೂ ಲೆಕ್ಕ ಹಾಕಿಯೇ ಗೊತ್ತುಮಾಡಬೇಕು. ಸೇವೆ ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿಯಿದ್ದರೆ ಗ್ರ್ಯಾಚುಯಿಟಿಗಾಗಿ ಕಾಯಿರಿ. ಭವಿಷ್ಯನಿಧಿಯ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು; ಒಂಬತ್ತು ವರ್ಷಕ್ಕೆ ಬಿಟ್ಟು ಬಂದು ಕೈಕೈ ಹಿಸುಕಿಕೊಂಡವರೊಬ್ಬರು ನನ್ನ ಜೊತೆಯಲ್ಲೇ ಇದ್ದರು. ಕಂಪನಿಯ ಆರೋಗ್ಯ ವಿಮೆ ನೀವು ಬಿಟ್ಟ ದಿನವೇ ಮುಗಿಯುತ್ತದೆ ಮತ್ತು ಹೊಸ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದಾದ್ದರಿಂದ, ಅವ್ವ ಅಪ್ಪನ ಹೆಸರಿನ ವಿಮೆಯನ್ನು ನೌಕರಿಯಲ್ಲಿ ಇರುವಾಗಲೇ ಸ್ವಂತವಾಗಿ ಮಾಡಿಸಿ. ಮನೆಯ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿರಲಿ. ಭವಿಷ್ಯನಿಧಿಯ ಹಣವನ್ನು ಯಂತ್ರಕ್ಕೆ ಹಾಕಬೇಡಿ. ಈ ಮಾತಿಗೆ ಕಾರಣ ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಮಾಲು ಎಷ್ಟು ದಿನ ಬಾಳುತ್ತದೆ

ಮನೆಯ ಡಬ್ಬಿಯ ಹಿಂಡಿ ಹದಿನೈದು ದಿನದಲ್ಲಿ ಖಾಲಿಯಾಗುತ್ತದೆ, ಅಂಗಡಿಯ ಹಲಗೆಯ ಮೇಲಿನದು ಎರಡು ತಿಂಗಳು ಕೂರಬಹುದು. ಈ ವ್ಯತ್ಯಾಸವೇ ಮನೆಯ ಅಡುಗೆಗೂ ಮಾರುವ ಮಾಲಿಗೂ ನಡುವಿನ ಗೆರೆ. ಶೇಂಗಾದ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಸಿಕ್ಕರೆ ಕಮಟು ವಾಸನೆ ಹಿಡಿಯುತ್ತದೆ. ಆದ್ದರಿಂದ ಒಳಗಿನದು ಕಾಣುವ ತೆಳು ಪ್ಲಾಸ್ಟಿಕ್ ಚೀಲ ಎಷ್ಟೇ ಚೆಂದವಾದರೂ ಬೇಡ. ಬೆಳ್ಳಿಬಣ್ಣದ ಪದರವಿರುವ ದಪ್ಪ ಪೊಟ್ಟಣ ಒಂದೆರಡು ರೂಪಾಯಿ ಹೆಚ್ಚಾದರೂ ಅದೇ ಇರಲಿ. ಹಸಿ ಬೆಳ್ಳುಳ್ಳಿಯ ತೇವ ಹಿಂಡಿಯ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ನಾವು ಅದನ್ನು ಸಣ್ಣ ಉರಿಯಲ್ಲಿ ಹುರಿದು ತೇವ ಆರಿಸಿ ಹಾಕುತ್ತೇವೆ. ಅವ್ವನ ಪ್ರಕಾರ ಇದರಿಂದ ರುಚಿ ಒಂದು ಕೂದಲೆಳೆಯಷ್ಟು ಕುಂದಿದೆ, ಮತ್ತು ಆಕೆ ಹೇಳುವುದು ಸರಿ.

ಬೂಷ್ಟು ತಗುಲಿದ ಅಥವಾ ಮುರುಟಿ ಕಪ್ಪಾದ ಶೇಂಗಾ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕಾಳು ಆರಿಸುವ ಕೆಲಸವನ್ನು ಎಂದೂ ಅವಸರದಲ್ಲಿ ಮಾಡಬಾರದು, ಆರಿಸಿ ತೆಗೆದದ್ದನ್ನು ಅಗ್ಗದ ಮಾಲಿಗೆ ಬೆರೆಸಲೂಬಾರದು.

ಪ್ರತಿ ಬ್ಯಾಚಿಗೂ ಒಂದು ಸಂಖ್ಯೆ ಕೊಟ್ಟು ಐದು ಪೊಟ್ಟಣಗಳನ್ನು ಎತ್ತಿಡಿ. ಅವುಗಳನ್ನು 15, 30, 45, 60 ಮತ್ತು 90ನೆಯ ದಿನ ಒಂದೊಂದಾಗಿ ಒಡೆದು ಮೂಸಿ, ತಿಂದು, ಅನಿಸಿದ್ದನ್ನು ಬರೆದಿಡಿ. ನಮ್ಮ ಮೊದಲ ಪೊಟ್ಟಣಗಳಲ್ಲಿ 45ನೆಯ ದಿನ ವಾಸನೆ ಬದಲಾಗಿತ್ತು, ಆದರೆ ಲೇಬಲ್ಲಿನಲ್ಲಿ ನಾನು ಮೂರು ತಿಂಗಳು ಎಂದು ಬರೆದಿದ್ದೆ. ಬೇರೆಯವರ ಪೊಟ್ಟಣ ನೋಡಿ ನಕಲು ಮಾಡಿದ ಅಂಕಿ ಅದು. ದೊಡ್ಡ ಪ್ರಮಾಣಕ್ಕೆ ಇಳಿಯುವವರು ಮೈಸೂರಿನ ಸಿಎಫ್‌ಟಿಆರ್‌ಐ ನಡೆಸುವ ಅಲ್ಪಾವಧಿ ತರಬೇತಿಗಳ ಕಡೆ ನೋಡಬಹುದು. 1950ರಿಂದ ಆಹಾರದ ಸಂರಕ್ಷಣೆಯನ್ನೇ ಅಧ್ಯಯನ ಮಾಡುತ್ತಿರುವ ಸಂಸ್ಥೆ ಅದು.

ಕಾಗದಪತ್ರಗಳು

ಈ ಭಾಗಕ್ಕೆ ಜನರು ಅಂಜುವಷ್ಟು ಕಷ್ಟ ಅದರಲ್ಲಿ ಇಲ್ಲ. ಆಹಾರ ಮಾರುವ ಯಾರಿಗೇ ಆದರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಸಣ್ಣ ವಹಿವಾಟಿಗೆ ನೋಂದಣಿ ಸಾಕು, ದೊಡ್ಡದಕ್ಕೆ ಪರವಾನಗಿ. ಮಿತಿ ಮತ್ತು ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಆ ಪ್ರಾಧಿಕಾರದ ಫಾಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕುವ ದಿನದ ನಿಯಮವನ್ನೇ ನೋಡಿ. ಅಲ್ಲಿಂದ ಸಿಗುವ 14 ಅಂಕಿಯ ಸಂಖ್ಯೆ ಪ್ರತಿ ಪೊಟ್ಟಣದ ಮೇಲೂ ಇರಬೇಕು. ಕಿರು, ಸಣ್ಣ ಉದ್ಯಮಗಳಿಗೆಂದು ಇರುವ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಆನ್‌ಲೈನಿನಲ್ಲಿ ಪೂರ್ತಿ ಪುಕ್ಕಟೆಯಾಗಿ, ಆಧಾರ್ ಮತ್ತು ಪ್ಯಾನ್ ಆಧಾರದ ಮೇಲೆ ಆಗುತ್ತದೆ; ಅದೇ ಹೆಸರಿನಂತೆ ಕಾಣುವ ಜಾಲತಾಣಗಳು ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ.

ಲೇಬಲ್ಲಿನಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ದಿನಾಂಕ, ಎಷ್ಟು ದಿನ ಬಾಳುತ್ತದೆ ಎಂಬುದು, ಬ್ಯಾಚ್ ಸಂಖ್ಯೆ, ತೂಕದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ದೂರು ಹೇಳಲು ಫೋನ್ ಸಂಖ್ಯೆ ಇರಬೇಕು. ಶೇಂಗಾ ಅಲರ್ಜಿ ತರುವ ಪದಾರ್ಥವಾದ್ದರಿಂದ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಸಾವಿರಾರು ಲೇಬಲ್ಲುಗಳನ್ನು ಒಮ್ಮೆಲೇ ಅಚ್ಚು ಹಾಕಿಸುವ ಮೊದಲು ಹೆಸರಿನ ವಿಷಯವನ್ನೂ ಇತ್ಯರ್ಥ ಮಾಡಿಕೊಳ್ಳಿ. ಊರಿಗೊಂದು ಇರುವ ದೇವರ ಹೆಸರನ್ನೇ ಇಟ್ಟರೆ ಅದನ್ನು ಟ್ರೇಡ್‌ಮಾರ್ಕ್ ಆಗಿ ಕಾಪಾಡಿಕೊಳ್ಳುವುದು ಕಷ್ಟ.

ಜಿಎಸ್‌ಟಿ ವಿಷಯದಲ್ಲಿ ಎರಡು ಸಂಗತಿ ಗೊತ್ತಿರಬೇಕು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ; ಖಾನಾವಳಿಯಂತೆ ಊಟ ಬಡಿಸಿದರೆ ಅದು ಸೇವೆ, ಮಿತಿ 20 ಲಕ್ಷ. ಆದರೆ ಪುಣೆಗೋ ಸೋಲಾಪುರಕ್ಕೋ ಸರಕು ಮಾರಿದರೆ, ಅಂದರೆ ರಾಜ್ಯದ ಗಡಿ ದಾಟಿ ಮಾರಾಟ ಮಾಡಿದರೆ, ವಹಿವಾಟು ಎಷ್ಟೇ ಕಡಿಮೆ ಇರಲಿ, ತೆರಿಗೆ ಬೀಳುವ ಸರಕಿಗೆ ನೋಂದಣಿ ಬೇಕು. ಬೆಳಗಾವಿ, ವಿಜಯಪುರದ ಕಡೆಯವರಿಗೆ ಗಡಿಯಾಚೆಯ ಊರೇ ಹತ್ತಿರದ ಪೇಟೆಯಾದ್ದರಿಂದ ಈ ನಿಯಮವನ್ನು ಅವರು ವಿಶೇಷವಾಗಿ ಗಮನಿಸಬೇಕು.

ಎರಡನೆಯ ಸಂಗತಿ ಬ್ಯಾಂಕ್ ಖಾತೆಯದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಫಲಕಗಳು ಬಂದವು. ಯುಪಿಐ ನಿಲ್ಲಿಸುವುದು ಇದಕ್ಕೆ ಪರಿಹಾರವೆಂದು ನನಗೆ ಆಗಲೂ ಅನಿಸಿರಲಿಲ್ಲ. ತಮ್ಮ ಕಳಿಸಿದ ಕೈಗಡ, ಚೀಟಿಯ ಹಣ, ನೆಂಟರು ಮರಳಿಸಿದ ಸಾಲ, ಮಾಲಿನ ಮಾರಾಟ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದರೆ, ಯಾವುದು ವಹಿವಾಟು ಯಾವುದು ಅಲ್ಲ ಎಂದು ನಾಲ್ಕು ವರ್ಷದ ಮೇಲೆ ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಆದ್ದರಿಂದ ಮೊದಲ ಪೊಟ್ಟಣ ಮಾರುವ ಮೊದಲೇ ವ್ಯಾಪಾರಕ್ಕೆ ಬೇರೆ ಖಾತೆ, ಅದಕ್ಕೇ ಕ್ಯೂಆರ್ ಕೋಡ್. ಮನೆಯ ಖರ್ಚಿಗೆ ಆ ಖಾತೆಯಿಂದ ತಿಂಗಳಿಗೆ ಒಮ್ಮೆ, ಗೊತ್ತುಮಾಡಿದ ಮೊತ್ತ ಮಾತ್ರ ಬರಲಿ.

ಸಾಲ ಮತ್ತು ಸಹಾಯಧನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಾಲವಿದೆ. ಕಿರು ಆಹಾರ ಸಂಸ್ಕರಣೆಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆಗೆ ಶೇಕಡಾ 35ರ ಸಹಾಯಧನವಿದ್ದು, ಕರ್ನಾಟಕ ಸರ್ಕಾರ ಅದಕ್ಕೆ ತನ್ನ ಪಾಲನ್ನೂ ಸೇರಿಸಿತ್ತು. ಈಗಿನ ಸ್ಥಿತಿಯನ್ನು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಆದರೆ ಸಹಾಯಧನ ಸಿಗುತ್ತದೆಂದು ಬೇಕಾದದ್ದಕ್ಕಿಂತ ದೊಡ್ಡ ಯಂತ್ರ ತಂದವರ ಮನೆಗಳಲ್ಲಿ ಆ ಯಂತ್ರದ ಮೇಲೆ ಬಟ್ಟೆ ಒಣಗುತ್ತಿರುವುದನ್ನು ನೋಡಿದ್ದೇನೆ. ಹಣಕ್ಕಿಂತ ಮೊದಲು ತರಬೇತಿ ಪಡೆಯಿರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ ಸಹಿತ ತರಬೇತಿ ಪುಕ್ಕಟೆ. ಬೇರೆ ಬೇರೆ ಕಸುಬಿನ ಮೂವತ್ತು ಜನರೊಡನೆ ಕೆಲವು ದಿನ ಕಳೆಯುವುದರಿಂದ ಬರುವ ತಿಳಿವಳಿಕೆ ಯಾವ ಯಂತ್ರದಿಂದಲೂ ಬರುವುದಿಲ್ಲ.

ಉದ್ರಿ

'ಇಂದು ನಗದು, ನಾಳೆ ಉದ್ರಿ' ಎಂಬ ಫಲಕ ಹಾಕಿಕೊಂಡ ಅಂಗಡಿಯವರೇ ನಿಮ್ಮಿಂದ ಉದ್ರಿಯಲ್ಲಿ ಮಾಲು ಕೇಳುತ್ತಾರೆ ಎಂಬುದನ್ನು ಮೊದಲೇ ತಿಳಿದಿರಿ. 'ಇಟ್ಟು ಹೋಗ್ರಿ, ಖರ್ಚಾದ ಮ್ಯಾಲೆ ನೋಡೂಣು' ಎಂಬ ಸೌಜನ್ಯದ ಮಾತಿನ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಒಂದು ಬ್ಯಾಚಿಗೆ ನಿಮ್ಮ ಕೈಯಿಂದ ಹೋಗುವ ನಗದು 2,440 ರೂಪಾಯಿ. ವಾರಕ್ಕೆ ಐದು ಬ್ಯಾಚ್ ಎಂದರೆ 12,200. ಹಣ 45 ದಿನಕ್ಕೆ ಬರುವುದಾದರೆ ಆರೂವರೆ ವಾರದ ಖರ್ಚು, ಸುಮಾರು ಎಂಬತ್ತು ಸಾವಿರ ರೂಪಾಯಿ, ಸದಾ ಬೇರೆಯವರ ಅಂಗಡಿಗಳಲ್ಲಿ ಕೂತಿರುತ್ತದೆ. ಲಾಭ ಇದ್ದೂ ಶೇಂಗಾ ಕೊಳ್ಳಲು ಹಣವಿಲ್ಲದೆ ವ್ಯಾಪಾರ ನಿಲ್ಲುವುದು ಹೀಗೆ. 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಒಂದು ಅಂಗಡಿ ಮತ್ತೆ ತೆರೆಯಲಿಲ್ಲ; ನನ್ನ 23,000 ರೂಪಾಯಿ ಅದರೊಳಗೇ ಉಳಿಯಿತು. ತಪ್ಪು ಅವರದ್ದಕ್ಕಿಂತ ನನ್ನದು, ಒಂದೇ ಅಂಗಡಿಗೆ ಅಷ್ಟು ಬಿಟ್ಟಿದ್ದು.

ಆಮೇಲೆ ನಾನು ಮಾಡಿಕೊಂಡ ನಿಯಮ ಹೀಗಿದೆ. ಹೊಸ ಅಂಗಡಿಗೆ ಮೊದಲ ಬಾರಿ ಹತ್ತೇ ಪೊಟ್ಟಣ, ಅವನ್ನು ಉದ್ರಿಯಲ್ಲಿ ಕೊಡಬಹುದು. ಎರಡನೆಯ ಹತ್ತು ಪೊಟ್ಟಣಕ್ಕೆ ಹೋದಾಗ ಮೊದಲಿನದರ ಹಣ ಕೈಗೆ ಬಂದ ಮೇಲೆಯೇ ಚೀಲ ಬಿಚ್ಚುವುದು. ಹಣ ಇಲ್ಲವೆಂದರೆ ಜಗಳ ಬೇಡ, ಮುಖ ಗಂಟಿಕ್ಕುವುದೂ ಬೇಡ, ನಮಸ್ಕಾರ ಹೇಳಿ ಮಾಲು ಮರಳಿ ತರುವುದು. ನಗದು ಕೊಡುವವರಿಗೆ ಶೇಕಡಾ 2 ಹೆಚ್ಚು ಕಮಿಷನ್ ಕೊಡುತ್ತೇನೆ. ಅಂಗಡಿಯವರು ಸಹಿ ಮಾಡಿದ ಚೀಟಿಯಿಲ್ಲದೆ ಒಂದು ಪೊಟ್ಟಣವನ್ನೂ ಬಿಡುವುದಿಲ್ಲ. ಸ್ನೇಹಿತರ ಅಂಗಡಿಗಾದರೆ ಎರಡು ಚೀಟಿ ಬರೆಯಬೇಕೆನ್ನುವಷ್ಟು ಅನುಭವ ನನಗಾಗಿದೆ.

ದೊಡ್ಡ ಖರೀದಿದಾರರ ವಿಷಯದಲ್ಲಿ ಕಾನೂನು ನಿಮ್ಮ ಬೆನ್ನಿಗಿದೆ. 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಂದರೆ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಂತೆ, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಖರೀದಿಯನ್ನು ಆ ಕಂಪನಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ತನ್ನ ಖರ್ಚಿನಲ್ಲಿ ತೋರಿಸಬಹುದು. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿಸಿದರೆ ಆ ಕಂಪನಿಯ ಲೆಕ್ಕಪತ್ರ ವಿಭಾಗದವರೇ ಮಾರ್ಚ್ ತಿಂಗಳಲ್ಲಿ ನಿಮಗೆ ಫೋನ್ ಮಾಡುತ್ತಾರೆ. ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಕೂತವನಾದ್ದರಿಂದ ಹೇಳುತ್ತಿದ್ದೇನೆ: ಯಾವ ಬಿಲ್ಲನ್ನು ಮೊದಲು ಪಾಸು ಮಾಡಬೇಕೆಂಬ ಪ್ರಶ್ನೆ ಬಂದಾಗ, ದಂಡದ ಭಯವಿರುವುದು ಮೇಲಿರುತ್ತದೆ, ವಿನಯದ ಕೋರಿಕೆಯಿರುವುದು ಕೆಳಗಿರುತ್ತದೆ.

ಎಲ್ಲಿ ಮಾರುವುದು, ಯಾವಾಗ ಬೆಳೆಸುವುದು

ಉತ್ತರ ಕರ್ನಾಟಕದ ಹಿಂಡಿಗೂ ಕಡಕ್ ರೊಟ್ಟಿಗೂ ಬಹುದೊಡ್ಡ ಗಿರಾಕಿ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವ ನಮ್ಮ ಕಡೆಯ ಹುಡುಗ ಹುಡುಗಿಯರು. ಅವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಅವರ ತಾಯಂದಿರು ಇಲ್ಲೇ ಇದ್ದಾರೆ. ರಾತ್ರಿಯ ಬಸ್ಸಿಗೆ ಹಾಕಿದ ಪಾರ್ಸೆಲ್ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಸಿಗುತ್ತದೆ, ಸಾರಿಗೆ ಸಂಸ್ಥೆಯ 'ನಮ್ಮ ಕಾರ್ಗೋ' ಎಂಬ ಸೇವೆಯೂ ಇದೆ. ಹಿಂಡಿ ಹೇಗೆ ಕಳಿಸಿದರೂ ತಲುಪುತ್ತದೆ, ಆದರೆ ಕಡಕ್ ರೊಟ್ಟಿ ಒಡೆಯುತ್ತದೆ. ಗಟ್ಟಿ ರಟ್ಟಿನ ಡಬ್ಬಿಯಲ್ಲಿ ರೊಟ್ಟಿಗಳನ್ನು ಮಲಗಿಸದೆ, ಅಲುಗಾಡದಂತೆ ಬಿಗಿಯಾಗಿ ನಿಲ್ಲಿಸಿ ತುಂಬಿದ ಮೇಲೆ ನಮ್ಮಲ್ಲಿ ಒಡೆಯುವುದು ಬಹಳ ಕಡಿಮೆಯಾಯಿತು. ಎಣಿಕೆಗೆ ಎರಡು ರೊಟ್ಟಿ ಹೆಚ್ಚು ಹಾಕಿ. ಒಡೆದವೆಂಬ ದೂರಿಗಿಂತ ಅದು ಅಗ್ಗ.

ಆನ್‌ಲೈನ್ ಮಾರಾಟ ತಾಣಗಳಿಗೆ ಆರಂಭದಲ್ಲೇ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅವರ ಕಮಿಷನ್, ಸಾಗಣೆ ಮತ್ತು ಮರಳಿಬಂದ ಮಾಲಿನ ಖರ್ಚು ಸೇರಿದರೆ ಕಾಲು ಕಿಲೋದ ಪೊಟ್ಟಣದಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿಗೆ ಹೋಗಲೇಬೇಕೆಂದರೆ ನಾಲ್ಕು ಬಗೆಯ ಹಿಂಡಿ ಸೇರಿಸಿದ ಒಂದು ಕಿಲೋದ ಡಬ್ಬಿಯೊಂದಿಗೆ ಹೋಗಿ.

ಹೊರಗಿನ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ದಿನ ಯಾವಾಗ ಎಂದು ಬಹಳ ಜನ ಕೇಳುತ್ತಾರೆ. ಸತತ ಮೂರು ತಿಂಗಳು ಬಂದ ಬೇಡಿಕೆಯನ್ನು ಪೂರೈಸಲಾಗದೆ ಮರಳಿಸಿದ್ದರೆ, ಮತ್ತು ಕಿರ್ದಿಯಲ್ಲಿ ಮನೆಯವರ ಹೆಸರಿಗೆ ಬರೆದ ಕೂಲಿ ಆ ಮೂರೂ ತಿಂಗಳು ನಿಜವಾಗಿ ಅವರ ಕೈಗೆ ಸೇರಿದ್ದರೆ, ಆ ದಿನ ಬಂದಿದೆ. ಬಂದವರಿಗೆ ಮೊದಲು ಹುರಿಯುವ ಕೆಲಸ ಕೊಡಬೇಡಿ, ಆರಿಸುವ ಮತ್ತು ತೂಗುವ ಕೆಲಸ ಕೊಡಿ; ಹುರಿಯುವ ಹದ ಕಲಿಸಲು ಒಂದು ವರ್ಷ ಬೇಕು, ಮತ್ತು ಅದನ್ನು ಕಲಿಸಬೇಕಾದವರು ಲೆಕ್ಕ ಬರೆಯುವ ನಾನಲ್ಲ, ಅವ್ವ. ಆ ಒಂದು ವರ್ಷದ ಕಲಿಸುವ ತಾಸುಗಳನ್ನೂ ಆಕೆಯ ಹೆಸರಿನಲ್ಲಿ ಬರೆದು ತಿಂಗಳ ಕೊನೆಗೆ ಕೊಡುತ್ತೇನೆ. 'ಇದಕ್ಕೂ ಪಗಾರ ಏನ' ಎಂದು ನಗುತ್ತಲೇ ಆಕೆ ಎಣಿಸಿಕೊಳ್ಳುತ್ತಾಳೆ.